ಬೆಂಕಿ ಹಡೆದ ಮರಳು

ಮನುಷ್ಯನಿಗೆ ಹುಟ್ಟುಸಾವುಗಳುಂಟು, ಊರಿಗೂ ಉಂಟು. ಕಡಲ ದಂಡೆಗೂ ಅವು ಉಂಟೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಅಜ್ಜ ಕಂಡ ದಂಡೆಯನ್ನೇ ಮೊಮ್ಮಗನೂ ಕಾಣುತ್ತಾನೆ. ಅಲೆ ಬಂದು ಹೋಗುತ್ತದೆ, ಮರಳು ಮಾತ್ರ ಇದ್ದಲ್ಲಿಯೇ ಇರುತ್ತದೆ ಎಂಬುದು ಲೋಕದ ನಂಬುಗೆ. ಶಾಂತಸಾಗರದ ನಡುವೆ ಇರುವ ಹವಾಯಿ ದ್ವೀಪದಲ್ಲಿ ಈ ನಂಬುಗೆ ನಿಲ್ಲಲಾರದು. ಅಲ್ಲಿಯ ಪೊಹೊಯಿಕಿ ಎಂಬ ಮರಳದಂಡೆ ಹುಟ್ಟಿದ್ದು ೨೦೧೮ರಲ್ಲಿ. ಹೈಸ್ಕೂಲು ಓದುವ ಹುಡುಗರೆಲ್ಲ ಅದಕ್ಕಿಂತ ವಯಸ್ಸಿನಲ್ಲಿ ಹಿರಿಯರು. ಅಲ್ಲಿಂದ ಹೆಚ್ಚು ದೂರವಿಲ್ಲದ ಕೈಮೂ ಎಂಬ ದಂಡೆ ೧೯೯೦ರಲ್ಲಿ ಸತ್ತಿತು. ತೆಂಗಿನ ತೋಪಿನ ನೆರಳಿನಲ್ಲಿ ಹರಡಿಕೊಂಡಿದ್ದ ಆ ಕರಿಯ ಮರಳನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಇಂದು ಅದು ಕಲ್ಲಿನ ಹಾಸಿನ ಕೆಳಗೆ ಹೂತುಹೋಗಿದೆ.

ಈ ಒಂದೇ ದ್ವೀಪದ ಸುತ್ತ ಹಾಲಿನಂತೆ ಬೆಳ್ಳಗಿರುವ ಮರಳುಂಟು, ಇದ್ದಿಲಿನಂತೆ ಕಪ್ಪಾದುದುಂಟು, ಪಾಚಿಯ ಬಣ್ಣದ ಹಸುರು ಮರಳೂ ಉಂಟು. ನೋಡಬಂದವರು ಈ ಬಣ್ಣಗಳಿಗೆ ಬೆರಗಾಗಿ ಹಿಂದಿರುಗುತ್ತಾರೆ. ಅಲ್ಲಿಯೇ ಬಾಳುವವರಿಗಾದರೋ ಮರಳಿನ ಬಣ್ಣವೆಂಬುದು ನೆಲದ ಜಾತಕ. ಬೆಂಕಿ ಆ ನೆಲವನ್ನು ಬಿಟ್ಟು ಎಷ್ಟು ಕಾಲವಾಯಿತು ಎಂಬುದನ್ನು ಬಲ್ಲವರು ಅದರಲ್ಲಿ ಓದಿಕೊಳ್ಳಬಹುದು.

ಐದು ಬೆಟ್ಟಗಳ ನಾಡು

ಹವಾಯಿ ಎಂಬ ಹೆಸರು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತನೆಯ ರಾಜ್ಯವಾದ ದ್ವೀಪಮಾಲೆಗೆ ಆ ಹೆಸರು; ಆ ಮಾಲೆಯ ಆಗ್ನೇಯ ತುದಿಯಲ್ಲಿರುವ ಒಂದು ದ್ವೀಪಕ್ಕೂ ಅದೇ ಹೆಸರು. ಗೊಂದಲವಾಗದಿರಲೆಂದು ಈ ದ್ವೀಪವನ್ನು ಅಲ್ಲಿಯ ಜನ ‘ದೊಡ್ಡ ದ್ವೀಪ’ವೆಂದು ಕರೆಯುತ್ತಾರೆ. ಮಾಲೆಯ ಉಳಿದ ದ್ವೀಪಗಳನ್ನೆಲ್ಲ ಕೂಡಿಸಿದರೂ ಇದರಷ್ಟಾಗವು. ಇದರ ವಿಸ್ತೀರ್ಣ ಸುಮಾರು ೧೦,೪೩೦ ಚದರ ಕಿಲೋಮೀಟರು. ಎಂದರೆ ಉತ್ತರ ಕನ್ನಡ ಜಿಲ್ಲೆಗಿಂತ ತುಸುವೇ ದೊಡ್ಡದು. ಮುಂಬಯಿಯ ಅಕ್ಷಾಂಶಕ್ಕೆ ಹತ್ತಿರದಲ್ಲಿರುವ ಉಷ್ಣವಲಯದ ನೆಲವಾದುದರಿಂದ ತೆಂಗು, ಬಾಳೆ, ಕೆಸು, ಕಾಫಿ ಎಲ್ಲವೂ ಅಲ್ಲಿ ಬೆಳೆಯುತ್ತವೆ.

ಕೊಹಾಲ, ಮೌನಾ ಕೆಯಾ, ಹುವಲಾಲಾಯಿ, ಮೌನಾ ಲೋವಾ, ಕಿಲವೇಯಾ ಎಂಬ ಐದು ಜ್ವಾಲಾಮುಖಿಗಳು ಹೆಗಲಿಗೆ ಹೆಗಲು ಕೊಟ್ಟು ಈ ದ್ವೀಪವನ್ನು ಕಟ್ಟಿವೆ. ಮೌನಾ ಕೆಯಾದ ತುದಿ ಸಮುದ್ರಮಟ್ಟದಿಂದ ೪,೨೦೭ ಮೀಟರು ಎತ್ತರದಲ್ಲಿದೆ. ಸಾಗರದ ತಳದಲ್ಲಿರುವ ಬುಡದಿಂದ ಅಳೆದರೆ ಅದರ ಎತ್ತರ ಹತ್ತು ಸಾವಿರ ಮೀಟರಿಗೂ ಮಿಗಿಲಾಗಿ ಎವರೆಸ್ಟನ್ನು ಮೀರಿಸುತ್ತದೆ. ಹವಾಯಿ ಭಾಷೆಯಲ್ಲಿ ‘ಮೌನಾ’ ಎಂದರೆ ಬೆಟ್ಟ. ಮೌನಾ ಕೆಯಾ ಎಂದರೆ ಬಿಳಿಯ ಬೆಟ್ಟ. ಮೌನಾ ಲೋವಾ ಎಂದರೆ ನೀಳವಾದ ಬೆಟ್ಟ. ಕನ್ನಡದ ಮೌನಕ್ಕೂ ಈ ಬೆಟ್ಟಗಳಿಗೂ ನಂಟಿಲ್ಲ. ಮೌನಾ ಲೋವಾ ೩೮ ವರ್ಷ ಸುಮ್ಮನಿದ್ದು ೨೦೨೨ರಲ್ಲಿ ಮತ್ತೆ ಬಾಯ್ದೆರೆಯಿತು. ಕಿಲವೇಯಾ ಅಂತೂ ಲೋಕದ ಅತಿ ಚಟುವಟಿಕೆಯ ಜ್ವಾಲಾಮುಖಿಗಳಲ್ಲಿ ಒಂದು.

ಈ ಐದೂ ಒಂದೇ ಕಾಲದವಲ್ಲ. ಭೂಮಿಯ ಒಡಲಾಳದಲ್ಲಿ, ಒಂದೇ ಎಡೆಯಲ್ಲಿ, ಬಿಸಿಯ ಬುಗ್ಗೆಯೊಂದು ನಿಂತಿದೆ. ಅದರ ಮೇಲೆ ಶಾಂತಸಾಗರದ ತಳವನ್ನು ಹೊತ್ತ ಭಾರಿ ಶಿಲಾಫಲಕವು ವರ್ಷಕ್ಕೆ ೭ರಿಂದ ೧೦ ಸೆಂಟಿಮೀಟರಿನಂತೆ ವಾಯವ್ಯಕ್ಕೆ ಸರಿಯುತ್ತಿದೆ. ಒಲೆ ಇದ್ದಲ್ಲಿಯೇ ಇದ್ದು ಮೇಲಿನ ಕಾವಲಿಯನ್ನು ಮೆಲ್ಲಗೆ ಎಳೆಯುತ್ತ ಹೋದಂತೆ ಇದು. ಒಲೆಯಿಂದ ಸರಿದ ಭಾಗ ತಣ್ಣಗಾಗುತ್ತದೆ. ಒಲೆಯ ಮೇಲಕ್ಕೆ ಬಂದ ಭಾಗ ಉರಿಯತೊಡಗುತ್ತದೆ. ಆದುದರಿಂದಲೇ ವಾಯವ್ಯದ ಕವಾಯಿ ದ್ವೀಪಕ್ಕೆ ಸುಮಾರು ೫೦ ಲಕ್ಷ ವರ್ಷ ವಯಸ್ಸು. ದೊಡ್ಡ ದ್ವೀಪದ ಉತ್ತರ ಮೂಲೆಯ ಕೊಹಾಲಕ್ಕೆ ಸುಮಾರು ೧೦ ಲಕ್ಷ. ಆಗ್ನೇಯದ ಕಿಲವೇಯಾ ಇವೆಲ್ಲಕ್ಕಿಂತ ಕಿರಿಯದು.

ವಿಜ್ಞಾನಿಗಳು ಈ ಸರದಿಯನ್ನು ಅಳೆದು ಹೇಳುವುದಕ್ಕೆ ಬಹು ಹಿಂದೆಯೇ ಹವಾಯಿಯ ಜನ ಇದನ್ನೊಂದು ಕಥೆಯಾಗಿ ಹೇಳಿಕೊಂಡಿದ್ದರು. ಅಗ್ನಿದೇವತೆಯಾದ ಪೆಲೆ ದೂರದ ನಾಡಿನಿಂದ ಮನೆಯನ್ನರಸುತ್ತ ಬಂದಳು. ಅವಳ ಅಕ್ಕ ನಾಮಕಾ ಕಡಲಿನ ದೇವತೆ. ತಂಗಿಯ ಮೇಲೆ ತಡೆಯಲಾರದ ಮುನಿಸು. ಪೆಲೆ ಒಂದೊಂದು ದ್ವೀಪದಲ್ಲಿಯೂ ಒಲೆಗುಂಡಿ ತೋಡಿದಾಗಲೆಲ್ಲ ಅಕ್ಕ ನೀರು ನುಗ್ಗಿಸಿ ಆರಿಸಿಬಿಟ್ಟಳು. ವಾಯವ್ಯದಿಂದ ಆಗ್ನೇಯಕ್ಕೆ ದ್ವೀಪದಿಂದ ದ್ವೀಪಕ್ಕೆ ಸಾಗಿ, ಕಟ್ಟಕಡೆಗೆ ಕಿಲವೇಯಾದ ನೆತ್ತಿಯ ಹಲೆಮಾವುಮಾವು ಎಂಬ ಕುಂಡದಲ್ಲಿ ಪೆಲೆ ನೆಲೆಸಿದಳು. ಅಕ್ಕತಂಗಿಯರ ಜಗಳ ಇನ್ನೂ ಮುಗಿದಿಲ್ಲ. ಬೆಂಕಿ ಕಡಲಿಗಿಳಿದಾಗಲೆಲ್ಲ ಅದು ಮತ್ತೆ ಹೊತ್ತಿಕೊಳ್ಳುತ್ತದೆ.

ಉತ್ತರದ ಮೂಲೆಯಿಂದ ಹೊರಟು, ಪಶ್ಚಿಮದ ಕರಾವಳಿಯಲ್ಲಿ ಇಳಿದು, ದಕ್ಷಿಣದ ತುದಿಯನ್ನು ಬಳಸಿ ಆಗ್ನೇಯಕ್ಕೆ ಬಂದರೆ ಹಳೆಯ ನೆಲದಿಂದ ಹೊಸ ನೆಲಕ್ಕೆ ನಡೆದಂತಾಗುತ್ತದೆ. ದಂಡೆಗಳನ್ನು ಈ ಕ್ರಮದಲ್ಲಿ ನೋಡುವುದೇ ಲೇಸು.

ಹೊಳೆ ಅರೆದದ್ದು, ಮೀನು ಅರೆದದ್ದು

ಕೊಹಾಲ ಬೆಟ್ಟ ಆರಿ ಒಂದು ಲಕ್ಷ ವರ್ಷಕ್ಕೂ ಮೀರಿತು. ಅಂದಿನಿಂದ ಅಲ್ಲಿ ಮಳೆಯದೇ ರಾಜ್ಯ. ಈಶಾನ್ಯದ ಗಾಳಿ ಹೊತ್ತು ತಂದ ಮೋಡಗಳು ಬೆಟ್ಟದ ಮೈಗೆ ಬಡಿದು ಸುರಿಯುತ್ತವೆ. ಹೊಳೆಗಳು ಬೆಟ್ಟವನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿವೆ. ಅವುಗಳಲ್ಲಿ ವೈಪಿಯೊ ಹಿರಿದು. ಎರಡು ಪಕ್ಕದಲ್ಲಿಯೂ ನೂರಾರು ಮೀಟರು ಎತ್ತರದ ಹಸುರು ಗೋಡೆಗಳು. ನಡುವೆ ಸಮತಟ್ಟಾದ ನೆಲ. ಅದರಲ್ಲಿ ನೀರು ನಿಲ್ಲಿಸಿ ಬೆಳೆದ ಕೆಸುವಿನ ಗದ್ದೆಗಳು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಪತ್ರೊಡೆಗೆ ಬಳಸುವ ಕೆಸುವೇ ಇದು. ಹವಾಯಿಯ ಜನ ಅದರ ಗಡ್ಡೆಯನ್ನು ಬೇಯಿಸಿ, ಕುಟ್ಟಿ, ‘ಪೊಯಿ’ ಎಂಬ ಅಂಬಲಿಯಂಥ ಆಹಾರವನ್ನು ಮಾಡುತ್ತಾರೆ. ದ್ವೀಪಗಳನ್ನೆಲ್ಲ ಒಂದು ರಾಜ್ಯವಾಗಿ ಕೂಡಿಸಿದ ಮೊದಲನೆಯ ಕಮೆಹಮೆಹಾ ದೊರೆ ಬಾಲ್ಯವನ್ನು ಕಳೆದದ್ದು ಈ ಕಣಿವೆಯಲ್ಲಿ.

ಕಣಿವೆಯ ಬಾಯಲ್ಲಿರುವ ಮರಳು ಬೂದುಗಪ್ಪು. ಬೆಟ್ಟದ ಕರಿಯ ಕಲ್ಲನ್ನು ಹೊಳೆ ಉರುಳಿಸಿ, ಉಜ್ಜಿ, ಅರೆದು ತಂದದ್ದು ಇದು. ಹೊಳೆ ಹರಿಯುವವರೆಗೆ ಇಂಥ ದಂಡೆಗೆ ಮರಳಿನ ಬಡತನವಿಲ್ಲ. ಆದರೆ ಅದಕ್ಕೂ ಬೇರೊಂದು ಭಯವುಂಟು. ೧೯೪೬ರ ಏಪ್ರಿಲ್ ೧ರಂದು ದೂರದ ಅಲ್ಯೂಷಿಯನ್ ದ್ವೀಪಗಳ ಬಳಿ ನಡೆದ ಭೂಕಂಪದಿಂದ ಎದ್ದ ಸುನಾಮಿ ಈ ಕಣಿವೆಗೆ ನುಗ್ಗಿತು. ಅದೇ ಬೆಳಗಿನಲ್ಲಿ ಹವಾಯಿ ದ್ವೀಪಗಳಲ್ಲಿ ಒಟ್ಟು ೧೫೯ ಮಂದಿ ಮಡಿದರು. ವೈಪಿಯೊದ ನಿವಾಸಿಗಳಲ್ಲಿ ಬಹುಮಂದಿ ಆ ಬಳಿಕ ಗದ್ದೆಗಳನ್ನು ಬಿಟ್ಟು ಮೇಲಿನ ನೆಲಕ್ಕೆ ಹೋಗಿಬಿಟ್ಟರು.

ಕೊಹಾಲವನ್ನು ದಾಟಿ ಪಶ್ಚಿಮದ ಪಕ್ಕಕ್ಕೆ ಬಂದರೆ ಲೋಕವೇ ಬೇರೆ. ಮಳೆಯ ಮೋಡಗಳನ್ನು ಬೆಟ್ಟಗಳು ಆಚೆಯೇ ತಡೆದುಬಿಡುವುದರಿಂದ ಇಲ್ಲಿ ಒಣಹವೆ; ಕೆಸರು ತರುವ ಹೊಳೆಗಳು ವಿರಳ; ಕಡಲು ತಿಳಿಯಾದದ್ದು. ಹಾಪುನಾ ಎಂಬಲ್ಲಿ ಸುಮಾರು ಅರ್ಧ ಮೈಲಿ ಉದ್ದದ ಬಿಳಿಯ ದಂಡೆ ಬಿಸಿಲಿಗೆ ಕಣ್ಣು ಕೋರೈಸುತ್ತದೆ. ಕರಿಯ ಕಲ್ಲಿನ ದ್ವೀಪಕ್ಕೆ ಈ ಬಿಳಿಯ ಮರಳು ಎಲ್ಲಿಂದ ಬಂದಿತು?

ಇದು ನೆಲದ ಮರಳಲ್ಲ. ಕಡಲಿನ ಜೀವಿಗಳು ಕೊಟ್ಟದ್ದು. ತಿಳಿನೀರಿನ ಕೆಳಗೆ ಹವಳದ ಹುಳುಗಳು ಸಾವಿರಾರು ವರ್ಷ ಕೂಡಿ ಸುಣ್ಣದ ಕೋಟೆ ಕಟ್ಟಿವೆ. ಅದರ ಚೂರುಗಳು, ಚಿಪ್ಪುಗಳ ಪುಡಿ ಎಲ್ಲವೂ ಅಲೆಗಳಲ್ಲಿ ಉರುಳಿ ದಂಡೆ ಸೇರುತ್ತವೆ. ಈ ಕೆಲಸದಲ್ಲಿ ಗಿಳಿಮೀನಿನ ಪಾಲು ದೊಡ್ಡದು. ಗಿಳಿಯ ಕೊಕ್ಕಿನಂಥ ಹಲ್ಲುಗಳಿಂದ ಅದು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಪಾಚಿಯೊಡನೆ ಹೊಟ್ಟೆ ಸೇರಿದ ಹವಳವನ್ನು ಗಂಟಲಿನಲ್ಲಿರುವ ಹಲ್ಲುಗಳಿಂದ ನುಣ್ಣಗೆ ಅರೆದು ಮರಳಾಗಿ ಹೊರಹಾಕುತ್ತದೆ. ದೊಡ್ಡದೊಂದು ಗಿಳಿಮೀನು ಹೀಗೆ ವರ್ಷಕ್ಕೆ ನೂರಾರು ಕಿಲೋಗ್ರಾಂ ಮರಳನ್ನು ಕೊಡಬಲ್ಲದು. ಹಾಪುನಾದ ಮರಳಿನ ಮೇಲೆ ಮೈಚೆಲ್ಲಿ ಮಲಗಿದವರಲ್ಲಿ ತಮ್ಮ ಹಾಸಿಗೆಯನ್ನು ಅರೆದವರು ಯಾರೆಂಬುದನ್ನು ಬಲ್ಲವರು ಕೆಲವರೇ ಇರಬಹುದು.

ಹವಳ ಬೆಳೆಯಲು ಕಾಲ ಬೇಕು, ನೆಮ್ಮದಿ ಬೇಕು. ಲಾವಾರಸ ಹರಿದು ಕಡಲನ್ನು ಕಾಯಿಸಿದ ಕಡೆ ಅದು ಉಳಿಯದು. ಆದುದರಿಂದ ಬಿಳಿಯ ಮರಳು ಕಂಡಲ್ಲಿ, ಬೆಂಕಿ ಈ ಎಡೆಯನ್ನು ಬಿಟ್ಟು ಬಹುಕಾಲವಾಯಿತೆಂದು ತಿಳಿಯಬಹುದು. ಕನ್ನಡನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳು ಎಂಟು ಕೋಟಿ ವರ್ಷಗಳಿಗೂ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕಂಬಕಂಬವಾಗಿ ನಿಂತವು. ಇಂದು ಆ ಕಂಬಗಳ ನಡುವಿನ ದಂಡೆಯಲ್ಲಿ ಕಾಲಿಗೆ ಸಿಗುವುದು ಬರಿಯ ಚಿಪ್ಪು. ಬೆಂಕಿ ಮನೆ ಬಿಟ್ಟು ಹೋದ ಮೇಲೆ ಕಡಲಿನ ಜೀವಿಗಳು ಬಂದು ಅಂಗಳ ಸಾರಿಸಿದಂತೆ.

ಹಾಪುನಾದಿಂದ ದಕ್ಷಿಣಕ್ಕೆ ಇಳಿದಂತೆ ಬಿಳುಪಿನಲ್ಲಿ ಕಪ್ಪು ಬೆರೆಯತೊಡಗುತ್ತದೆ. ಅನೈಹೊಮಾಲು ಎಂಬ ಕೊಲ್ಲಿಯಲ್ಲಿ ಹವಳದ ಪುಡಿಯೂ ಲಾವಾದ ಪುಡಿಯೂ ಕೂಡಿ ಉಪ್ಪು ಮೆಣಸು ಬೆರಸಿದಂತೆ ಕಾಣುತ್ತದೆ. ದಂಡೆಯ ಹಿಂದೆ, ಹಿಂದಿನ ಕಾಲದವರು ಅರಸುಮನೆತನದವರಿಗಾಗಿ ಮೀನು ಸಾಕುತ್ತಿದ್ದ ಕೊಳಗಳು ಈಗಲೂ ಇವೆ. ಇನ್ನೂ ಕೆಳಗೆ ಕೈಲುವಾ ಪಟ್ಟಣದ ಬಳಿಯ ಲಾಅಲೋವಾ ದಂಡೆಗೆ ‘ಮಾಯವಾಗುವ ಮರಳು’ ಎಂದೇ ಅಡ್ಡಹೆಸರು. ಚಳಿಗಾಲದ ದೊಡ್ಡ ಅಲೆಗಳು ಬಂದರೆ ರಾತ್ರಿ ಬೆಳಗಾಗುವುದರೊಳಗೆ ಅಲ್ಲಿಯ ಮರಳೆಲ್ಲ ಕಡಲು ಸೇರಿ ಬರಿಯ ಬಂಡೆ ಉಳಿಯುತ್ತದೆ. ಅಲೆ ತಗ್ಗಿದ ಮೇಲೆ ಅದೇ ಮರಳನ್ನು ಕಡಲು ಸಾಲ ತೀರಿಸುವಂತೆ ತಂದು ಹಾಕುತ್ತದೆ.

ಅಲೆ ಕೇರಿದ ಹಸುರು

ದ್ವೀಪದ ದಕ್ಷಿಣ ತುದಿಗೆ ಕಾ ಲಯೆ ಎಂದು ಹೆಸರು. ಅಮೆರಿಕದ ಐವತ್ತು ರಾಜ್ಯಗಳಲ್ಲಿ ಇದಕ್ಕಿಂತ ದಕ್ಷಿಣಕ್ಕೆ ನೆಲವಿಲ್ಲ. ಮರಗಳೆಲ್ಲ ಒಂದೇ ದಿಕ್ಕಿಗೆ ಬಾಗಿ ಬೆಳೆಯುವಷ್ಟು ಬಿರುಸಾದ ಗಾಳಿ ಅಲ್ಲಿಯದು. ದೋಣಿಗಳನ್ನು ಕಟ್ಟಿಹಾಕಲು ಹಿಂದಿನ ಮೀನುಗಾರರು ಬಂಡೆಯಲ್ಲಿ ಕೊರೆದ ತೂತುಗಳು ಇನ್ನೂ ಅಳಿದಿಲ್ಲ. ಅಲ್ಲಿಂದ ಪೂರ್ವಕ್ಕೆ ಹುಲ್ಲುಗಾವಲಿನಲ್ಲಿ ಸುಮಾರು ನಾಲ್ಕು ಕಿಲೋಮೀಟರು ನಡೆದರೆ ಪಾಪಕೋಲಿಯಾ ಎಂಬ ದಂಡೆ.

ಅರ್ಧ ಕುಸಿದ ಒಂದು ಗುಡ್ಡ. ಅದರ ಮಡಿಲಲ್ಲಿ ಒಂದು ಪುಟ್ಟ ಕೊಲ್ಲಿ. ಆ ಕೊಲ್ಲಿಯ ಮರಳು ಹಸುರು. ಅಂಗೈಯಲ್ಲಿ ಹಿಡಿದು ಬಿಸಿಲಿಗೆ ತೋರಿದರೆ ಒಂದೊಂದು ಕಾಳೂ ಗಾಜಿನ ಮಣಿಯಂತೆ ಮಿನುಗುತ್ತದೆ. ಇದು ಆಲಿವೀನ್ ಎಂಬ ಖನಿಜ. ಇದರ ಶುದ್ಧವಾದ ದೊಡ್ಡ ಹರಳುಗಳನ್ನೇ ಒಡವೆಗಳಲ್ಲಿ ಪೆರಿಡಾಟ್ ಎಂಬ ಹೆಸರಿನಿಂದ ಕೂಡಿಸುತ್ತಾರೆ. ಕರಗಿದ ಶಿಲಾರಸ ತಣಿಯುವಾಗ ಎಲ್ಲಕ್ಕೂ ಮೊದಲು ಹರಳುಗಟ್ಟುವ ಖನಿಜಗಳಲ್ಲಿ ಆಲಿವೀನ್ ಒಂದು. ಸುಮಾರು ೪೯,೦೦೦ ವರ್ಷಗಳ ಹಿಂದೆ ಮೌನಾ ಲೋವಾದ ಪಕ್ಕದಲ್ಲಿ ಉಂಟಾದ ಈ ಗುಡ್ಡದ ಬೂದಿಯಲ್ಲಿ ಆ ಹರಳುಗಳು ತುಂಬಿವೆ.

ಉಳಿದ ಕೆಲಸ ಅಲೆಯದು. ಮೊರದಲ್ಲಿ ಕಾಳನ್ನು ಕೇರುವವಳು ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಳ್ಳುತ್ತಾಳೆ. ಹಾಗೆಯೇ ಗುಡ್ಡವನ್ನು ಕೊರೆಯುವ ಅಲೆ ಹಗುರವಾದ ಬೂದಿಯನ್ನು ಕೊಂಡೊಯ್ದು, ಭಾರವಾದ ಹಸುರು ಹರಳನ್ನು ದಂಡೆಯಲ್ಲಿ ಬಿಡುತ್ತದೆ. ಇಂಥ ಹಸುರು ದಂಡೆಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟೇ ಇವೆ.

ಈ ದಂಡೆಯ ಕಣಜ ಆ ಗುಡ್ಡವೊಂದೇ. ಅದು ಕರಗಿ ತೀರಿದ ದಿನ ಹಸುರೂ ತೀರಿತು. ಕಡಲು ಅದನ್ನು ಕರಗಿಸುವ ಕಾಲಕ್ಕಿಂತ ಮೊದಲೇ ಮನುಷ್ಯರು ನೆಲವನ್ನು ಸವೆಸುತ್ತಿರುವುದು ಖೇದದ ಸಂಗತಿ. ನಡೆಯಲೊಲ್ಲದವರನ್ನು ಕರೆತರುವ ವಾಹನಗಳ ಚಕ್ರಗಳು ಅಲ್ಲಿಯ ಹುಲ್ಲುಗಾವಲನ್ನು ಆಳುದ್ದದ ಕೊರಕಲುಗಳಾಗಿ ಸೀಳಿವೆ. ಆ ನೆಲವಾದರೋ ೧೯೨೧ರ ಶಾಸನದಂತೆ ಹವಾಯಿಯ ಮೂಲನಿವಾಸಿಗಳಿಗಾಗಿ ಮೀಸಲಿಟ್ಟದ್ದು.

ಸಿಡಿದ ಗಾಜು

ದಕ್ಷಿಣ ತುದಿಯನ್ನು ಬಳಸಿ ಈಶಾನ್ಯಕ್ಕೆ ತಿರುಗಿದರೆ ಪುನಲೂ ದೊರೆಯುತ್ತದೆ. ಕರಿಯ ಮರಳಿನ ದಂಡೆಗಳಲ್ಲಿ ಇಂದು ಹೆಚ್ಚು ಹೆಸರಾದದ್ದು ಇದು. ಹಿಂದೆ ತೆಂಗಿನ ಸಾಲು, ಮುಂದೆ ನೀಲಿಯ ಕಡಲು, ನಡುವೆ ಅಮಾವಾಸ್ಯೆಯನ್ನು ಹಾಸಿದಂತೆ ಮರಳು. ನಡುಹಗಲಿನಲ್ಲಿ ಅದರ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಕಷ್ಟ. ಕಡಲಾಮೆಗಳಿಗೆ ಮಾತ್ರ ಆ ಬೆಚ್ಚನೆಯ ಹಾಸು ಪ್ರಿಯ. ಹಸುರು ಕಡಲಾಮೆಗಳು ಅಲೆಯಿಂದೆದ್ದು ಬಂದು, ಯಾರ ಹಂಗೂ ಇಲ್ಲದೆ, ಗಂಟೆಗಟ್ಟಲೆ ಬಿಸಿಲು ಕಾಯಿಸುತ್ತ ಮಲಗುತ್ತವೆ. ಅವನ್ನು ಮುಟ್ಟುವುದೂ ಕಾಡಿಸುವುದೂ ಕಾನೂನಿನ ಪ್ರಕಾರ ಅಪರಾಧ.

ಈ ದಂಡೆಯ ಬುಡದಲ್ಲಿ ತಣ್ಣನೆಯ ಸಿಹಿನೀರಿನ ಒರತೆಗಳು ಕಡಲಿನೊಳಕ್ಕೇ ಚಿಮ್ಮುತ್ತವೆ. ಬರಗಾಲ ಬಂದಾಗ ಹಿಂದಿನವರು ಸೋರೆಬುರುಡೆಗಳನ್ನು ಹಿಡಿದು ಕಡಲಿನಲ್ಲಿ ಮುಳುಗಿ, ಒರತೆಯ ಬಾಯಿಗೆ ಒಡ್ಡಿ, ಕುಡಿಯುವ ನೀರನ್ನು ತುಂಬಿಕೊಂಡು ಬರುತ್ತಿದ್ದರೆಂಬ ಮಾತು ಬಾಯಿಂದ ಬಾಯಿಗೆ ಬಂದಿದೆ. ಮುಳುಗಿ ತರುವ ಒರತೆ ಎಂಬುದೇ ಊರಿನ ಹೆಸರಿನ ಅರ್ಥವೆಂದೂ ಹೇಳುತ್ತಾರೆ.

ವೈಪಿಯೊದ ಕಪ್ಪಿಗೂ ಪುನಲೂವಿನ ಕಪ್ಪಿಗೂ ಹುಟ್ಟಿನಲ್ಲಿ ಬಹಳ ಅಂತರ. ಅಲ್ಲಿಯದು ಹೊಳೆ ಸಾವಿರಾರು ವರ್ಷ ಅರೆದದ್ದು. ಇಂಥ ದಂಡೆಗಳದು ಗಳಿಗೆಯಲ್ಲಿ ಒಡೆದದ್ದು. ಉರಿಯುವ ಲಾಟೀನಿನ ಗಾಜಿಗೆ ನೀರಿನ ಹನಿ ತಗುಲಿದರೆ ಚಟ್ಟನೆ ಸಿಡಿಯುವುದನ್ನು ಹಿಂದಿನ ತಲೆಯವರೆಲ್ಲ ಕಂಡಿದ್ದಾರೆ. ಸಾವಿರ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖದ ಲಾವಾರಸ ಕಡಲಿಗೆ ಬಿದ್ದಾಗಲೂ ಹಾಗೆಯೇ. ನೀರು ಒಮ್ಮೆಗೇ ಉಗಿಯಾಗಿ ಸ್ಫೋಟಿಸುತ್ತದೆ. ಹರಳುಗಟ್ಟಲು ಕೂಡ ಹೊತ್ತು ಸಿಗದ ಲಾವಾ ಕರಿಯ ಗಾಜಾಗಿ ಪುಡಿಪುಡಿಯಾಗುತ್ತದೆ. ಆ ಪುಡಿಯನ್ನು ಅಲೆಗಳು ಹೊತ್ತು ತಂದು ಪಕ್ಕದ ಕೊಲ್ಲಿಗಳಲ್ಲಿ ಸುರಿಯುತ್ತವೆ. ವಾರಗಳಲ್ಲಿ, ತಿಂಗಳುಗಳಲ್ಲಿ ದಂಡೆ ಸಿದ್ಧ.

ಅವಸರದಲ್ಲಿ ಬಂದದ್ದು ಅವಸರದಲ್ಲಿಯೇ ಹೋಗುವ ಸಂಭವವೂ ಹೆಚ್ಚು. ಲಾವಾದ ಹರಿವು ನಿಂತೊಡನೆ ಹೊಸ ಮರಳಿನ ಆದಾಯ ನಿಂತಿತು; ಅಲ್ಲಿಂದಾಚೆಗೆ ಖರ್ಚು ಮಾತ್ರ. ಈ ಕರಾವಳಿಯಲ್ಲಿ ಕಡಲು ದಡದಿಂದ ಸ್ವಲ್ಪ ದೂರದಲ್ಲಿಯೇ ಬಹಳ ಆಳ. ಅಲೆ ಎಳೆದೊಯ್ದ ಮರಳು ಆ ಆಳಕ್ಕೆ ಜಾರಿದರೆ ಮತ್ತೆ ಮೇಲೆ ಬರುವುದಿಲ್ಲ. ಸಾಲದೆಂಬಂತೆ ನೆಲವೇ ಕುಸಿಯುವುದೂ ಉಂಟು. ೧೯೭೫ರ ನವೆಂಬರ್ ೨೯ರ ಬೆಳಗಿನ ಜಾವದಲ್ಲಿ ಭಾರಿ ಭೂಕಂಪವಾದಾಗ ಕಿಲವೇಯಾದ ದಕ್ಷಿಣ ಕರಾವಳಿ ಕೆಲವೆಡೆ ಮೂರೂವರೆ ಮೀಟರಿನಷ್ಟು ಕೆಳಕ್ಕಿಳಿಯಿತು. ಹಲಪೇ ಎಂಬ ದಂಡೆಯ ತೆಂಗಿನ ತೋಪಿನಲ್ಲಿ ಅಂದು ಡೇರೆ ಹಾಕಿ ಮಲಗಿದ್ದವರ ಮೇಲೆ ಸುನಾಮಿ ನುಗ್ಗಿ ಇಬ್ಬರು ಸತ್ತರು. ತೋಪು ಕಡಲಿನ ಪಾಲಾಯಿತು.

ಕೈಮೂವಿನ ಕೊನೆ

ಹಲಪೇಯನ್ನು ದಾಟಿ ಕರಾವಳಿಯಲ್ಲಿ ಮುಂದುವರಿದರೆ ಸಿಗುತ್ತಿದ್ದ ಊರು ಕಲಪಾನ. ಅದಕ್ಕೆ ಹೊಂದಿಕೊಂಡಂತೆ ಕೈಮೂ ಕೊಲ್ಲಿ. ಹವಾಯಿಯ ಮೂಲನಿವಾಸಿಗಳು ತಲೆತಲಾಂತರದಿಂದ ಮೀನು ಹಿಡಿದು, ತೋಟ ಮಾಡಿ, ಹಿರಿಯರನ್ನು ಅಲ್ಲಿಯೇ ಮಣ್ಣು ಮಾಡಿ ಬಾಳಿದ ನೆಲ ಅದು. ೧೯೮೩ರ ಜನವರಿ ೩ರಂದು ಕಿಲವೇಯಾದ ಪೂರ್ವದ ಮಗ್ಗುಲು ಬಿರಿದು ಲಾವಾ ಉಕ್ಕತೊಡಗಿತು. ಕೆಲವು ದಿನಗಳಲ್ಲಿ ನಿಂತೀತೆಂದು ಹಲವರು ಬಗೆದಿರಬಹುದು. ಅದು ೨೦೧೮ರವರೆಗೆ, ೩೫ ವರ್ಷ ಬಿಟ್ಟುಬಿಟ್ಟು ಹರಿಯಿತು.

೧೯೯೦ರಲ್ಲಿ ಲಾವಾ ಕಲಪಾನಕ್ಕೆ ಬಂದಿತು. ಅದು ಬಂದದ್ದು ಪ್ರವಾಹದಂತೆ ಧುಮ್ಮಿಕ್ಕಿಯಲ್ಲ. ಮನುಷ್ಯನ ನಡಿಗೆಗಿಂತ ನಿಧಾನವಾಗಿ, ಹೊರಮೈ ಹೆಪ್ಪುಗಟ್ಟುತ್ತ, ಒಳಗಿನಿಂದ ಕೆಂಡದ ನಾಲಗೆಗಳನ್ನು ಚಾಚುತ್ತ, ಒಂದು ದಿನ ಒಂದು ಅಂಗಳ, ಮರುದಿನ ಇನ್ನೊಂದು ಅಂಗಳ ಎಂಬಂತೆ ಬಂದಿತು. ಓಡಿಹೋಗಲು ಕಾಲವಿತ್ತು, ತಡೆಯಲು ಉ��ಾಯವಿರಲಿಲ್ಲ. ಜನ ಸಾಮಾನುಗಳನ್ನು ಹೇರಿಕೊಂಡು ಹೊರಟು, ದೂರ ನಿಂತು ತಮ್ಮ ಮನೆಗಳು ಉರಿಯುವುದನ್ನು ನೋಡಿದರು. ಒಂದು ವರ್ಷದೊಳಗೆ ನೂರಕ್ಕೂ ಹೆಚ್ಚು ಮನೆಗಳು ಹೋದವು.

ಊರಿನಲ್ಲಿ ಮರದಿಂದ ಕಟ್ಟಿದ ಒಂದು ಪುಟ್ಟ ಇಗರ್ಜಿಯಿತ್ತು. ಒಳಗೋಡೆಗಳ ಮೇಲೆಲ್ಲ ಬಣ್ಣದ ಚಿತ್ರಗಳನ್ನು ಬರೆದಿದ್ದ ಆ ಇಗರ್ಜಿಯನ್ನು ೧೯೯೦ರ ಮೇ ತಿಂಗಳಿನಲ್ಲಿ, ಲಾವಾ ಹತ್ತಿರ ಬರುತ್ತಿದ್ದಂತೆ, ಊರವರು ಇಡಿಯಾಗಿ ಎತ್ತಿ ವಾಹನದ ಮೇಲಿರಿಸಿ ಸಾಗಿಸಿಬಿಟ್ಟರು. ಮನೆಗಳನ್ನು ಉಳಿಸಿಕೊಳ್ಳಲಾರದೆ ಹೋದವರು ದೇವರ ಮನೆಯನ್ನು ಉಳಿಸಿಕೊಂಡರು. ಅದು ಈಗ ಹೆದ್ದಾರಿಯ ಪಕ್ಕದಲ್ಲಿ ನಿಂತಿದೆ. ಕೈಮೂ ಕೊಲ್ಲಿಯನ್ನು ಎತ್ತಿ ಸಾಗಿಸುವ ಹಾಗಿರಲಿಲ್ಲ. ಲಾವಾ ಮರಳಿನ ಮೇಲೆ ಹರಿಯಿತು. ತೆಂಗಿನ ಮರಗಳನ್ನು ಸುಟ್ಟಿತು. ಕೊಲ್ಲಿಯನ್ನು ತುಂಬಿ ಕಡಲನ್ನು ಹಿಂದಕ್ಕೆ ತಳ್ಳಿತು. ಈಜು ಕಲಿತ ನೀರು, ಬಲೆ ಒಣಗಿಸಿದ ಮರಳು ಎಲ್ಲವೂ ಕೆಲವೆಡೆ ೧೫ ಮೀಟರಿಗೂ ಮೀರಿದ ಕಲ್ಲಿನ ಕೆಳಗೆ ಅಡಗಿದವು.

ಪೊಹೊಯಿಕಿಯ ಹುಟ್ಟು

ಕಲಪಾನದ ಈಶಾನ್ಯಕ್ಕಿರುವ ಪೊಹೊಯಿಕಿಯಲ್ಲಿ ಮರಳಿನ ದಂಡೆಯೇ ಇರಲಿಲ್ಲ. ಕಲ್ಲುಗಳ ತೀರ, ಮೀನುಗಾರರು ದೋಣಿಗಳನ್ನು ನೀರಿಗಿಳಿಸುವ ಇಳಿಜಾರು ಕಟ್ಟೆ, ಒಂದು ಉದ್ಯಾನ, ಇಷ್ಟೇ. ೨೦೧೮ರ ಮೇ ೩ರಂದು ಕಡಲಿನಿಂದ ಒಳನಾಡಿನಲ್ಲಿದ್ದ ಲೇಲಾನಿ ಎಂಬ ಬಡಾವಣೆಯ ಬೀದಿಗಳಲ್ಲಿಯೇ ನೆಲ ಬಿರಿದು ಲಾವಾ ಚಿಮ್ಮಿತು. ಮರುದಿನ ೬.೯ರ ಪ್ರಮಾಣದ ಭೂಕಂಪ. ಒಂದರ ಹಿಂದೊಂದು ೨೪ ಬಿರುಕುಗಳು ತೆರೆದವು. ಎಂಟನೆಯ ಬಿರುಕಿನಿಂದ ಹೊರಟ ಲಾವಾ ನದಿಯಂತೆ ಹರಿದು ಕಡಲು ಸೇರಿತು. ಜೂನ್ ಮೊದಲ ವಾರದಲ್ಲಿ ಕಪೋಹೊ ಕೊಲ್ಲಿ ಪೂರ್ತಿ ತುಂಬಿ, ಅದರ ದಡದ ಮನೆಗಳೆಲ್ಲ ಅಳಿದವು. ಮಕ್ಕಳು ಬಣ್ಣದ ಮೀನುಗಳನ್ನು ನೋಡುತ್ತ ಆಡುತ್ತಿದ್ದ ತಿಳಿನೀರಿನ ಮಡುಗಳು ಕಲ್ಲಾದವು. ಆಗಸ್ಟಿನ ಮೊದಲಲ್ಲಿ ಹರಿವು ನಿಲ್ಲುವ ಹೊತ್ತಿಗೆ ಏಳುನೂರಕ್ಕೂ ಹೆಚ್ಚು ಕಟ್ಟಡಗಳು ನಾಶವಾಗಿದ್ದವು. ಸುಮಾರು ೩೫ ಚದರ ಕಿಲೋಮೀಟರು ನೆಲ ಲಾವಾದಡಿ ಸೇರಿತ್ತು. ದ್ವೀಪಕ್ಕೆ ಸುಮಾರು ಮೂರೂವರೆ ಚದರ ಕಿಲೋಮೀಟರು ಹೊಸ ನೆಲ ಕೂಡಿತ್ತು.

ಆ ದಿನಗಳಲ್ಲಿ ಬೆಂಕಿ ನೀರುಗಳ ಹೋರಾಟವನ್ನು ದೋಣಿಗಳಲ್ಲಿ ಹೋಗಿ ನೋಡುವವರೂ ಇದ್ದರು. ಜುಲೈ ೧೬ರಂದು ಕಡಲಿನಲ್ಲಿ ಆದ ಸ್ಫೋಟದಿಂದ ಹಾರಿದ ಕಾದ ಕಲ್ಲು ಅಂಥ ಒಂದು ದೋಣಿಯ ಚಾವಣಿಯನ್ನು ತೂರಿ ಬಿದ್ದು ೨೩ ಮಂದಿ ಗಾಯಗೊಂಡರು. ಮೆತ್ತಗೆ ಕಾಲಿಗೆ ತಾಕುವ ಕರಿಮರಳು ಎಂಥ ಸಿಡಿತದಿಂದ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಲಾವಾ ಪೊಹೊಯಿಕಿಯ ದೋಣಿಕಟ್ಟೆಗೆ ಸುಮಾರು ೭೦ ಮೀಟರು ದೂರದಲ್ಲಿ ನಿಂತಿತು. ಕಟ್ಟೆ ಉಳಿಯಿತೆಂದು ಮೀನುಗಾರರು ನಿಟ್ಟುಸಿರು ಬಿಡುವಷ್ಟರಲ್ಲಿ ಕಡಲು ಕರಿಯ ಮರಳನ್ನು ಹೊತ್ತು ತರತೊಡಗಿತು. ಕಟ್ಟೆಯ ಬಾಯಿಗೆ ಅಡ್ಡಲಾಗಿ ಮರಳು ಗುಡ್ಡೆಯಾಯಿತು. ಬೆಂಕಿ ಮುಟ್ಟದೆ ಬಿಟ್ಟದ್ದನ್ನು ಮರಳು ಮುಚ್ಚಿತು. ಕಟ್ಟೆ ಇದ್ದ ಎಡೆ ಒಳಗಣ ಕೊಳವಾಯಿತು. ನೆಲದೊಳಗಿನ ಕಾವಿನಿಂದ ಬೆಚ್ಚಗಾದ ನೀರಿನ ಮಡುಗಳು ಅಲ್ಲಲ್ಲಿ ಉಂಟಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಉದ್ಯಾನ ಮತ್ತೆ ತೆರೆದಾಗ ಜನ ಹೊಸ ದಂಡೆಯನ್ನು ನೋಡಲು ನೆರೆದರು. ಪ್ರವಾಸಿಗಳಿಗೆ ಅದೊಂದು ಕೌತುಕ. ದೋಣಿಗಳನ್ನು ಗಾಡಿಗಳ ಮೇಲೆ ಹೇರಿ ಹೀಲೋ ನಗರದವರೆಗೆ ಎಳೆದೊಯ್ಯಬೇಕಾಗಿ ಬಂದ ಮೀನುಗಾರರಿಗೆ ಆ ದಂಡೆ ವರ್ಷಗಟ್ಟಲೆ ತುತ್ತಿಗೆ ಅಡ್ಡವಾಗಿ ನಿಂತಿತು. ಒಬ್ಬರ ಸೌಂದರ್ಯ ಇನ್ನೊಬ್ಬರ ಸಂಕಟವೂ ಆಗಬಹುದೆಂಬುದನ್ನು ಈ ದಂಡೆ ಹುಟ್ಟುತ್ತಲೇ ತೋರಿಸಿಕೊಟ್ಟಿತು.

ಮರಳಿನ ಲೆಕ್ಕ

ಹವಾಯಿಯ ಮರಳನ್ನು ಹೊತ್ತೊಯ್ಯುವುದು ಅಲ್ಲಿಯ ಕಾನೂನಿಗೆ ವಿರುದ್ಧ. ಕಾನೂನಿಗಿಂತ ಹೆಚ್ಚಾಗಿ ಪೆಲೆಯ ಶಾಪ ಹಲವರನ್ನು ಕಾಡುತ್ತದೆ. ಅವಳ ಕಲ್ಲನ್ನೋ ಮರಳನ್ನೋ ಒಯ್ದವರಿಗೆ ಕೇಡು ತಪ್ಪದೆಂಬ ಮಾತು ಬಹುಶಃ ಪ್ರವಾಸಿಗಳು ಬರತೊಡಗಿದ ಮೇಲೆ ಹುಟ್ಟಿದ್ದೆಂದು ಬಲ್ಲವರು ಹೇಳುತ್ತಾರೆ. ಆದರೂ ಕಲ್ಲು ಮರಳುಗಳನ್ನು ಕಟ್ಟಿ, ತಪ್ಪಾಯಿತೆಂದು ಕಾಗದ ಬರೆದು, ದೇಶದೇಶಗಳಿಂದ ಅಂಚೆಯಲ್ಲಿ ಹಿಂದಿರುಗಿಸುವವರು ಉಂಟು. ಶಾಪವನ್ನು ನಂಬದವರೂ ಲೆಕ್ಕವನ್ನು ನಂಬಬೇಕು. ಗುಡ್ಡ ಕರಗಿದರೆ ಪಾಪಕೋಲಿಯಾಕ್ಕೆ ಬೇರೆ ಹಸುರಿಲ್ಲ. ಹವಳ ಸತ್ತರೆ ಹಾಪುನಾಕ್ಕೆ ಬೇರೆ ಬಿಳುಪಿಲ್ಲ. ಪುನಲೂವಿಗೆ ಹೊಸ ಕಪ್ಪು ಬರಬೇಕಾದರೆ ಎಲ್ಲಿಯೋ ಲಾವಾ ಮತ್ತೆ ಕಡಲಿಗಿಳಿಯಬೇಕು. ಇಳಿಯುವ ದಾರಿಯಲ್ಲಿ ಯಾರ ಮನೆಯಿದೆಯೋ ಯಾರು ಬಲ್ಲರು? ಹೊಸ ಮರಳು ಬರಲೆಂದು ಆ ದ್ವೀಪದಲ್ಲಿ ಯಾರೂ ಹರಕೆ ಹೊರುವುದಿಲ್ಲ.

ಕೈಮೂವಿನ ಕಥೆ ಕಲ್ಲಿನಡಿಯಲ್ಲಿಯೇ ಮುಗಿಯಲಿಲ್ಲ. ಕೊಲ್ಲಿ ತುಂಬಿದ ಮೇಲೆ, ಹೊಸ ಕಲ್ಲುಹಾಸಿನ ಹೊರ ಅಂಚಿನಲ್ಲಿ ಕಡಲು ಮತ್ತೆ ಕರಿಯ ಮರಳನ್ನು ಕೂಡಿಸತೊಡಗಿತು. ಹಳೆಯ ದಂಡೆಯ ಮುಂದೆ ಇದು ಬಡವರ ಮನೆಯ ಜಗಲಿಯಷ್ಟು ಕಿರಿದು. ಊರು ಕಳೆದುಕೊಂಡವರು ಮೊಳಕೆಯೊಡೆದ ತೆಂಗಿನಕಾಯಿಗಳನ್ನು ತಂದು ಅಲ್ಲಿ ನೆಟ್ಟರು. ನೋಡಬಂದವರ ಕೈಯಲ್ಲಿಯೂ ನೆಡಿಸಿದರು. ಮಣ್ಣೇ ಇಲ್ಲದ ಲಾವಾದ ಸಂದುಗಳಲ್ಲಿ, ಉಪ್ಪುಗಾಳಿಗೆ ಮೈಯೊಡ್ಡಿ, ಕೆಲವು ಸಸಿಗಳು ಒಣಗಿದವು; ಉಳಿದವು ಬೇರೂರಿದವು. ಸಾಲುಸಾಲಾಗಿ ನಿಂತ ಆ ತೆಂಗುಗಳ ನಡುವಿನ ಕಾಲುದಾರಿಯಲ್ಲಿಯೇ ಇಂದು ಜನ ಕಡಲಿಗೆ ಹೋಗುತ್ತಾರೆ.

ತೆಂಗು ನೆಡುವವನು ಎಲ್ಲಿಯೇ ಆಗಲಿ ಮುಂದಿನವರಿಗಾಗಿ ನೆಡುತ್ತಾನೆ. ಕಾಲಿನ ಕೆಳಗಿನ ನೆಲ ತನ್ನ ಕಣ್ಣೆದುರಿಗೇ ಹರಿದು ಬಂದದ್ದು, ಮತ್ತೊಮ್ಮೆ ಹರಿದು ಬರಬಹುದಾದದ್ದು ಎಂಬುದನ್ನು ಕಲಪಾನದವರು ಮರೆತಿಲ್ಲ. ತಿಳಿದೂ ತಿಳಿದೂ ಅವರು ನೆಟ್ಟಿದ್ದಾರೆ. ದ್ವೀಪದ ಎಲ್ಲ ಬಣ್ಣದ ದಂಡೆಗಳನ್ನೂ ಸುತ್ತಿ ಬಂದವರಿಗೆ ಕಡೆಗೆ ಕಾಣಿಸುವ ಹಸುರು ಈ ಗರಿಗಳದು.